ಅಡುಗೆಮನೆಗೆ ಬಂದ ಚಪ್ಪಲಿ

ಮತ್ತಿಗಿರಿಯ ಒಂದು ಮನೆಗೆ ನಾನು ಹಿಟ್ಟು ರುಬ್ಬೋ ಕೆಲಸಕ್ಕೆ ಹೋಗ್ತಿದ್ದೆ. ಆ ಮನೆಯ ಹೊಸ ಸೊಸೆ ಫ್ಯಾಕ್ಟರೀಲಿ ಮೋಟರ್ ಜೋಡಿಸೋಳು. ಅಡುಗೆಮನೆಗೂ ಚಪ್ಪಲಿ ಮೆಟ್ಕೊಂಡೇ ಬರೋಳು! ಇದನ್ನ ನಾನೇ ಬೀದಿಗೆಲ್ಲ ಹಂಚಿದ್ದೆ ಅನ್ನಿ.

ಒಂದಿನ ಗ್ರೈಂಡರ್ ಮುಟ್ಟಿದ ಅತ್ತೆಗೆ ಜುಮ್ಮಂತ ಶಾಕ್ ಹೊಡೀತು. ನನಗೂ ಹೊಡೀತು. ಸೊಸೆ ಮುಟ್ಟಿದರೆ ಮಾತ್ರ ಏನೂ ಇಲ್ಲ.

"ಮಾಟ ಮಾಡವಳೆ ಕಣಕ್ಕ. ಇವತ್ತೇ ಇವಳನ್ನ ತೌರಿಗೆ ಅಟ್ತೀನಿ," ಅಂದಳು ಅತ್ತೆ. ನಾನೂ ಹೂಂಗುಟ್ಟಿದೆ.

ಸೊಸೆ ಅಳಲಿಲ್ಲ. ಟೆಸ್ಟರ್ ತಂದು ಗ್ರೈಂಡರಿಗೆ ತಾಗಿಸಿದಳು. ಟೆಸ್ಟರ್ ಒಳಗಿನ ದೀಪ ಹತ್ತಿತು. ಪ್ಲಗ್ ಕಿತ್ತು, ಬಿಚ್ಚಿ ತೋರಿಸಿದಳು.

"ನೋಡಿ ಅತ್ತೆ, ಅರ್ತ್ ವೈರು ಕಿತ್ತೋಗೈತೆ. ಸೋರೋ ಕರೆಂಟು ಇದರಲ್ಲಿ ನೆಲಕ್ಕೆ ಇಳೀಬೇಕು. ಆ ದಾರಿ ಇಲ್ದೆ ನಿಮ್ಮ ಬರಿಗಾಲಲ್ಲಿ ಇಳೀತೈತೆ. ನನ್ನ ರಬ್ಬರ್ ಚಪ್ಪಲಿ ಅದನ್ನ ಇಳಿಯೋಕೆ ಬಿಡಲ್ಲ."

ವೈರು ಸೇರಿಸಿ, ಪ್ಲಗ್ ಹಾಕಿ ಮತ್ತೆ ಟೆಸ್ಟರ್ ಇಟ್ಟಳು, ದೀಪ ಹತ್ತಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಬರಿಗಾಲಲ್ಲೇ ಗ್ರೈಂಡರ್ ಹಿಡ್ಕೊಂಡು ನಿಂತಳು. ಎಂಥ ಎದೆಗಾರ್ತಿ! ಯಾವ ಮಂತ್ರವಾದಿಯೂ ಇಷ್ಟು ಬೇಗ ಮಾಟ ತೆಗೆದದ್ದು ನಾನು ಕಂಡಿಲ್ಲ.

ಈಗ ಅತ್ತೆಯೇ ಅಡುಗೆಮನೇಲಿ ಚಪ್ಪಲಿ ಮೆಟ್ಟಿ ಓಡಾಡ್ತಾಳೆ. ಅದನ್ನೂ ಬೀದಿಗೆಲ್ಲ ಹಂಚಿದ್ದೀನಿ. ನಾನು ಕೊಂಡ ಹೊಸ ಚಪ್ಪಲಿ ವಿಷಯ ಮಾತ್ರ ಯಾರಿಗೂ ಹೇಳಿಲ್ಲ.