ಡ್ರೈವರ್ ಬೇಡ ಎಂದವನು

"ಕ್ಯಾಮೆರಾ ಇಟ್ಟ ಹೊಸ ಟ್ರ್ಯಾಕಿನಾಗ ಒಂದೇ ಸಲಕ್ಕ ಪಾಸಾಗೀನ್ರಿ," ಎಂದು ಆ ಯುವಕ ಹೆವಿ ಲೈಸೆನ್ಸ್ ತೋರಿಸಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ವಾಡಿಯಲ್ಲಿ ನಾನು ಕೆಲಸ ಮಾಡುವ ಸಿಮೆಂಟ್ ಸಾಗಣೆ ಕಚೇರಿಯ ಅಂಗಳದಲ್ಲಿ ಆ ಸೋಮವಾರ ಡ್ರೈವರ್ ಇಲ್ಲದೆ ಐದು ಲಾರಿಗಳು ನಿಂತಿದ್ದವು. ಲೈಸೆನ್ಸ್ ಪರೀಕ್ಷೆ ಬಿಗಿಯಾದ ಮೇಲೆ ಹೊಸಬರು ಬರುವುದೇ ಅಪರೂಪ.

ಚಹಾ ತರಿಸಿದೆ. "ಕುಂದ್ರಿ. ಈಗ ಡ್ರೈವರ್ ಅಂದ್ರ ನಮಗ ದೇವ್ರಿದ್ದಂಗ."

ಅವನು ನಕ್ಕ. "ಗುರ್ತು ಸಿಗ್ಲಿಲ್ಲೇನ್ರಿ ಅಣ್ಣಾ? ಹೋದ ತಿಂಗಳ ನಿಮ್ಮ ತಂಗಿನ್ನ ಕೇಳಿದ್ದ ದಂಡೋತಿ ಊರಿನ ಹುಡುಗ ನಾನೇ. ದೇವ್ರಿಗಿ ಹೆಣ್ಣು ಕೊಡಲ್ಲೇನ್ರಿ?"

ಹುಡುಗ ಲಾರಿ ಕಲಿಯುತ್ತಿದ್ದಾನೆ ಎಂದು ಕೇಳಿದ್ದೇ ತಡ, ಫೋಟೊ ನೋಡದೆ, ತಂಗಿಯನ್ನೂ ಕೇಳದೆ, "ಡ್ರೈವರ್ ಬೇಡ" ಎಂದು ಹೇಳಿ ಕಳಿಸಿದ್ದವನು ನಾನು.

"ಇರ್ಲಿ, ಕೀಲಿ ಕೊಡ್ರಿ. ಲಾರಿಯಾದ್ರೂ ನನ್ನ ಒಪ್ಪತದ," ಎಂದು ಅವನೇ ಕೈ ಚಾಚಿದ.

ನಿಂತ ಲಾರಿಗಳ ಸಂಖ್ಯೆ, ಅದರ ಮುಂದೆ "ಡ್ರೈವರ್ ಸಿಗುತ್ತಿಲ್ಲ" ಎಂಬ ಕಾರಣ, ಇವೆರಡನ್ನೂ ದಿನಾ ಡೈರಿಯಲ್ಲಿ ಬರೆಯುವುದು ನನ್ನ ರೂಢಿ. ಅಂದು ನಾಲ್ಕು ಎಂದು ಬರೆದೆ. ಕಾರಣ ಬರೆಯಲು ಕೈ ಬರಲಿಲ್ಲ.