ಹತ್ತಿ ದಾರದ ಹೊಲಿಗೆ

ಫೋಟೋದವನು ಮೊದಲ ಸಲ ಬಂದ ದಿನ, ಬೆಟ್ಟ ಹತ್ತುವವರ ಚೀಲ ಹೊಲಿಯುವ ಅಜ್ಜಿಯ ಮೇಜಿನ ಮೇಲೆ ಕ್ಯಾಮೆರಾ ಕುಕ್ಕಿದ.

"ಕುತ್ತಿಗೆ ಹೋದ್ರೂ ಇದರ ಪಟ್ಟಿ ಹರೀಬಾರ್ದು, ಅಜ್ಜಿ."

"ಕುತ್ತಿಗೆ ಹೋದ್ಮೇಲೆ ಯಾವುದಕ್ಕೆ ನೇತು ಹಾಕ್ಕೋತೀಯಪ್ಪಾ?"

ಅವನು ನಗಲಿಲ್ಲ. ಅಜ್ಜಿ ಹೂಂಗುಟ್ಟಿದಳು; ಆದರೆ ಪಟ್ಟಿಯ ಒಂದು ತುದಿಯನ್ನು ನೈಲಾನ್ ಬಿಟ್ಟು ಹತ್ತಿ ದಾರದಲ್ಲೇ ಹೊಲಿದಳು. ಎಳೆತ ಮೀರಿದರೆ ಅದು ಮೊದಲು ಕಿತ್ತುಬರಬೇಕು.

ಶಿಖರದ ಹತ್ತಿರ ಅವನು ಹಗ್ಗಕ್ಕೆ ಜೋತು, ಕೆಳಗೆ ಹತ್ತುತ್ತಿದ್ದವರ ಫೋಟೋ ತೆಗೆಯುತ್ತಿದ್ದಾಗ ಮೇಲಿಂದ ಕಲ್ಲು ಸುರಿದವು. ಒಂದು ಬಡಿದು ದವಡೆ ಮುರಿಯಿತು. ಜಾರಿದಾಗ ಪಟ್ಟಿ ಬಂಡೆಯ ಮೂತಿಗೆ ಸಿಕ್ಕಿ ಗಂಟಲು ಬಿಗಿಯಿತು. ಕಣ್ಣು ಕತ್ತಲಾಗುವಷ್ಟರಲ್ಲಿ ಹತ್ತಿ ಹೊಲಿಗೆ ಕಿತ್ತುಬಂತು. ಅವನನ್ನು ಹಗ್ಗ ತಡೆಯಿತು, ಕ್ಯಾಮೆರಾ ಪ್ರಪಾತದಲ್ಲಿ ಪುಡಿಯಾಯಿತು.

ದವಡೆ ಕೂಡಿದ ಕೂಡಲೇ ಬಂದು ಅಜ್ಜಿಯ ಮೇಜು ಒದ್ದು ಕೆಡವಿದ.

"ನನ್ನ ಫೋಟೋನೆಲ್ಲ ಕೊಂದ್ಬಿಟ್ಟೆ, ಮುದುಕಿ!"

ಅಜ್ಜಿ ಚೆಲ್ಲಿದ ಸೂಜಿ ಹೆಕ್ಕುತ್ತ, "ಕುತ್ತಿಗೆ ಹರಿದ್ರೆ ನನ್ನ ಕೈಲಿ ಹೊಲಿಯೋಕಾಗಲ್ಲ, ಮಗಾ," ಎಂದಳು.

ಆಮೇಲೂ ಪ್ರತಿವರ್ಷ ಬಂದ, ಮುಖ ಗಂಟಿಕ್ಕಿಕೊಂಡೇ. ಕೊನೆಯ ಸಲ ಎರಡು ಪಟ್ಟಿ ತಂದಿದ್ದ. ಈಗ ಮಗಳೂ ಕ್ಯಾಮೆರಾ ಹೊತ್ತು ಹತ್ತುತ್ತಿದ್ದಳು.

"ಅಜ್ಜಿ, ಮಗಳದ್ದಕ್ಕೂ ಹತ್ತಿ ದಾರಾನೇ ಹಾಕ್ತೀಯಲ್ವಾ?"