ರುದ್ರಾಣಕ್ಕನ ಹಳ್ಳದ ಕರೆಂಟು

ಕಳಸದಲ್ಲಿ ನಡುಹಗಲಲ್ಲೂ ಏಳು ಬಲ್ಬು ಉರಿಯುವ ಮನೆ ಯಾವುದೆಂದು ಕೇಳಿದರೆ ನಮ್ಮ ಶಾಲೆಯ ಮಕ್ಕಳು ಮೈದಾನದ ಹಿಂದಿನ ಕಾಫಿ ತೋಟದತ್ತ ಕೈ ತೋರಿಸುತ್ತಾರೆ. ಅದು ರುದ್ರಾಣಕ್ಕನ ಮನೆ. ನನಗಿಂತ ಎರಡು ವರ್ಷ ಚಿಕ್ಕವರು, ಆದರೂ ಊರಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ನಾನು ಪ್ರಸನ್ನಕುಮಾರ್, ಆ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಸೀಟಿ ಊದುತ್ತಿರುವ ಪಿ.ಟಿ. ಮೇಷ್ಟ್ರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಕ್ಕಳು ಹೇಳುವುದು ಸುಳ್ಳಲ್ಲ. ಈ ಊರಿಗೆ ಹೊಸದಾಗಿ ಬಂದಾಗ ಒಂದು ದಿನ ಆ ಮನೆಗೆ ನುಗ್ಗಿ, ಕರೆಂಟನ್ನು ಹೀಗೆ ದಂಡ ಮಾಡುತ್ತೀರಲ್ಲ ಎಂದು ದಬಾಯಿಸಿದ್ದೆ. ಅಕ್ಕ ಒಂದು ಲೋಟ ಕಾಫಿ ಕೊಟ್ಟು, ನನ್ನನ್ನು ಹಿತ್ತಲಿನ ಹಳ್ಳದ ಹತ್ತಿರ ಕರೆದುಕೊಂಡು ಹೋದರು.

ಗುಡ್ಡದ ಮೇಲಿಂದ ಪೈಪಿನಲ್ಲಿ ಇಳಿದ ನೀರು ಒಂದು ಕಬ್ಬಿಣದ ಪೆಟ್ಟಿಗೆಯೊಳಗಿನ ಚಕ್ರಕ್ಕೆ ಹೊಡೆಯುತ್ತಿತ್ತು. ಅದೇ ಅವರ ಟರ್ಬೈನು. ಹಳ್ಳ ನಿಲ್ಲುವುದಿಲ್ಲ, ಚಕ್ರವೂ ನಿಲ್ಲುವುದಿಲ್ಲ. ಹುಟ್ಟಿದ ಕರೆಂಟು ಎಲ್ಲಾದರೂ ಖರ್ಚಾಗುತ್ತಲೇ ಇರಬೇಕು. ದೀಪ ಆರಿಸಿದರೆ ಚಕ್ರದ ಭಾರ ಇಳಿದು ಅದು ಹುಚ್ಚು ಹಿಡಿದಂತೆ ತಿರುಗುತ್ತದೆ, ವೋಲ್ಟೇಜು ಏರುತ್ತದೆ, ಉಳಿದ ಬಲ್ಬುಗಳು ಒಂದೊಂದಾಗಿ ಸಿಡಿಯುತ್ತವೆ. ಆದ್ದರಿಂದ ಆ ಮನೆಯಲ್ಲಿ ಯಾರೂ ಸ್ವಿಚ್ಚು ಮುಟ್ಟುವ ಹಾಗಿಲ್ಲ. ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಟರ್ಬೈನು ಕೂರಿಸಿದವರು ಅಕ್ಕನ ಗಂಡ ಮಲ್ಲೇಶ್. ಅವರು ತೀರಿಕೊಂಡ ವರ್ಷವೇ ಮಳೆಗಾಲದಲ್ಲಿ ಚಕ್ರ ನಿಂತುಹೋಯಿತು. ರಿಪೇರಿಯವನು ನಾಳೆ ಬರುತ್ತೇನೆ ಎನ್ನುತ್ತಲೇ ಹದಿನೈದು ದಿನ ಕಳೆದ. ಹದಿನಾರನೆಯ ದಿನ ಅಕ್ಕ ಸೆರಗು ಸಿಕ್ಕಿಸಿಕೊಂಡು, ಸ್ಪ್ಯಾನರು ಹಿಡಿದು ತಾವೇ ಬಿಚ್ಚಿದರು. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ನಾಲ್ಕು ದಿನ ಬೇಕಾಯಿತಂತೆ. ಈಗ ಸುತ್ತಲಿನ ಗುಡ್ಡಗಳಲ್ಲಿ ಯಾರ ಟರ್ಬೈನು ಕೆಟ್ಟರೂ ಜೀಪು ಬಂದು ನಿಲ್ಲುವುದು ಅಕ್ಕನ ಮನೆ ಮುಂದೆಯೇ. ಗೋಣಿಬೀಡಿನಲ್ಲಿದ್ದ ತಂಗಿಯ ಮಗಳು ತನುಜಾ ಆರು ವರ್ಷದವಳಾಗಿ ದೊಡ್ಡಮ್ಮನ ಮನೆಗೆ ಬಂದವಳು, ಆ ಏಳು ಬಲ್ಬುಗಳ ಕೆಳಗೇ ಬೆಳೆದಳು.

ತನುಜಾ ಓಡುತ್ತಾಳೆ. ಏರಿನಲ್ಲಿ ಅವಳ ಉಸಿರು ಕಟ್ಟುವುದಿಲ್ಲ, ಇಳಿಜಾರಿನಲ್ಲಿ ಅವಳ ಕಾಲು ನಡುಗುವುದಿಲ್ಲ. ಅಂಥವಳು ಮೇಷ್ಟ್ರ ಜನ್ಮಕ್ಕೆ ಒಬ್ಬಳು ಸಿಕ್ಕರೆ ಪುಣ್ಯ. ಕಳೆದ ಅಕ್ಟೋಬರಿನಲ್ಲಿ ನಮ್ಮೂರಲ್ಲಿ ಗುಡ್ಡದ ಓಟ ಏರ್ಪಟ್ಟಾಗ ನನಗೆ ನಿದ್ದೆ ಬಂದಿರಲಿಲ್ಲ. ಹತ್ತು ಕಿಲೋಮೀಟರನ್ನು ನಲವತ್ತೆರಡು ನಿಮಿಷದೊಳಗೆ ಮುಗಿಸಿದ ಹುಡುಗಿಯರಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತಿತ್ತು. ಆದರೆ ಷರತ್ತೊಂದಿತ್ತು. ಕಾಲಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ಅನ್ನು ಗುರಿಯಲ್ಲಿಟ್ಟ ಯಂತ್ರ ಓದಿ ಸಮಯ ದಾಖಲಿಸಬೇಕು. ನನ್ನ ಕೈಗಡಿಯಾರದ ಲೆಕ್ಕವನ್ನು ಯಾರೂ ಕೇಳುವವರಿರಲಿಲ್ಲ. ತನುಜಾಗೆ ವಯಸ್ಸಿನ ಮಿತಿಯಲ್ಲಿ ಅದೇ ಕೊನೆಯ ವರ್ಷ.

ಓಟಕ್ಕೆ ಹಣ ಹಾಕಿದ್ದು ವಿದ್ಯುತ್ ಮಾರುವ ಒಂದು ಕಂಪನಿ. ಮೈದಾನದ ತುಂಬ ಅವರದೇ ಬ್ಯಾನರು: ‘ಇಂಗಾಲ ಕಡಿಮೆ, ಹುಮ್ಮಸ್ಸು ಜಾಸ್ತಿ’. ಕೆಳಗೆ ಅಣುಸ್ಥಾವರದ ಗೋಪುರ, ಗಾಳಿಯಂತ್ರ, ಸೂರ್ಯ. ಇಲ್ಲಿ ಉರಿಯುವ ಪ್ರತಿ ಯೂನಿಟ್ಟೂ ಇವುಗಳದ್ದೇ ಎಂಬ ಘೋಷಣೆ. ಅಣುಸ್ಥಾವರ ಎಲ್ಲೋ, ಕಳಸ ಎಲ್ಲೋ, ಯಾರ ಕಿವಿಗೆ ಹೂವಿಡುತ್ತಿದ್ದೀರಿ ಎಂದು ನಾನು ಕಂಪನಿಯ ಹುಡುಗ ಅಶ್ವಿನ್‌ನನ್ನು ಜಾಡಿಸಿದೆ. ಅವನು ಬೇಸರಿಸದೆ ವಿವರಿಸಿದ. ಒಂದೇ ತಂತಿಯಲ್ಲಿ ಎಲ್ಲರ ಕರೆಂಟೂ ಬೆರೆತಿರುತ್ತದೆ, ಇಲ್ಲಿ ಬಳಸಿದಷ್ಟನ್ನು ಕಂಪನಿ ಆ ಮೂರು ಕಡೆಯಿಂದ ಕೊಂಡು ತಂತಿಗೆ ತುಂಬಿಸುತ್ತದೆ ಎಂದ. ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿದ್ದ ರುದ್ರಾಣಕ್ಕನಿಗೆ ಥಟ್ಟನೆ ತಿಳಿಯಿತು. ಕಾಫಿ ಬೀಜದ ಸಿಪ್ಪೆ ತೆಗೆಯುವ ಕ್ಯೂರಿಂಗ್ ವರ್ಕ್ಸಿಗೆ ನಾವು ಒಳಸಿಪ್ಪೆಯ ಪಾರ್ಚ್‌ಮೆಂಟ್ ಬೀಜ ಹಾಕಿದರೆ ತೂಕದ ಲೆಕ್ಕಕ್ಕೆ ಕಾಫಿ ಬರುತ್ತದೆಯೇ ಹೊರತು ನಮ್ಮ ಗಿಡದ ಬೀಜವೇ ಬರುತ್ತದೆಯೇ, ಅದೇ ಕಥೆ ಎಂದರು. ಅಶ್ವಿನ್ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಎಂದು ಆ ಮಾತನ್ನು ಮೊಬೈಲಿನಲ್ಲಿ ಬರೆದುಕೊಂಡ. ಅಕ್ಕನೇ ಮೈದಾನದ ಕರೆಂಟು ನೋಡಿಕೊಳ್ಳಲಿ ಎಂದು ತೀರ್ಮಾನಿಸಿದ್ದೂ ಅವನೇ.

ಓಟದ ಹಿಂದಿನ ಸಂಜೆ ಗಾಳಿಗೆ ಮರ ಬಿದ್ದು ಊರಿನ ಲೈನು ಹೋಯಿತು. ಅಶ್ವಿನ್ ಹೆದರಲಿಲ್ಲ. ಚಿಕ್ಕಮಗಳೂರಿನಲ್ಲಿ ತಮ್ಮ ಕಂಪನಿಯ ಕರೆಂಟಿನಿಂದಲೇ ತುಂಬಿಸಿದ ದೊಡ್ಡ ಬ್ಯಾಟರಿ ಲಾರಿಯಲ್ಲಿ ಬಂದಿತ್ತು. ಬ್ಯಾನರಿನ ಮರ್ಯಾದೆಗೆಂದು ಡೀಸೆಲ್ ಜನರೇಟರನ್ನು ತಂದಿರಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಮಕ್ಕಳ ಓಟ, ಎಂಟಕ್ಕೆ ತನುಜಾ ಓಡುವ ಹತ್ತು ಕಿಲೋಮೀಟರಿನ ದೊಡ್ಡವರ ಓಟ. ನಡುವಿನ ಹೊತ್ತಿನಲ್ಲಿ ಯಂತ್ರವೊಂದನ್ನು ಬಿಟ್ಟು ಉಳಿದದ್ದೆಲ್ಲ ಆರಿಸಿಬಿಡಿ ಎಂದು ಅಕ್ಕನಿಗೆ ಹೇಳಿ ಅವನು ದಾರಿಯುದ್ದಕ್ಕೂ ನೀರಿನ ಮೇಜು ಹಾಕಿಸಲು ಹೋದ.

ಅಕ್ಕ ತಲೆಯಾಡಿಸಿದರು. ಆದರೆ ಮೂವತ್ತು ವರ್ಷ ಏನನ್ನೂ ಆರಿಸದ ಕೈ ಅದು. ಸ್ವಿಚ್ಚಿನ ತನಕ ಹೋಗಿ ಹೋಗಿ ವಾಪಸು ಬಂತಂತೆ. ಭಾರ ಇಳಿಸಿದರೆ ಯಂತ್ರ ಸುಟ್ಟೀತು ಎಂಬ ಹೆದರಿಕೆ. ಸ್ಪೀಕರು, ದೊಡ್ಡ ಪರದೆ, ವೇದಿಕೆಯ ದೀಪ ಎಲ್ಲ ಉರಿಯುತ್ತಲೇ ಇದ್ದವು. ಸಾಲದ್ದಕ್ಕೆ ಭಾರ ಒಂದೇ ಸಮ ಇರಲೆಂದು ಕಾಫಿ ಕಾಯಿಸುವ ದೊಡ್ಡ ಪಾತ್ರೆಗೂ ಪ್ಲಗ್ಗು ಹಾಕಿದರು. ನಾನೇನು ಕಮ್ಮಿ? ಮೈಕು ಸಿಕ್ಕ ಖುಷಿಗೆ ಎರಡು ಗಂಟೆ ಬಿಡದೆ ಅರಚಿದೆ, ಅಣುವಿದ್ಯುತ್ತಿನಲ್ಲಿ ಕಾದ ಕಾಫಿಯನ್ನು ಮೂರು ಲೋಟ ಕುಡಿದೆ.

ಎಂಟಕ್ಕೆ ನಾನೇ ಸೀಟಿ ಊದಿದೆ. ತನುಜಾ ಜಿಂಕೆಯ ಹಾಗೆ ಹೊರಟಳು. ಐದನೆಯ ಕಿಲೋಮೀಟರಿನಿಂದ ಫೋನು ಬಂತು: ಇಪ್ಪತ್ತು ನಿಮಿಷ ಐವತ್ತು ಸೆಕೆಂಡು, ಹುಡುಗಿಯರಲ್ಲಿ ಅವಳೇ ಮುಂದೆ. ಮೂವತ್ತಮೂರನೆಯ ನಿಮಿಷಕ್ಕೆ ಮೈಕು ಸತ್ತಿತು, ಪರದೆ ಕಪ್ಪಾಯಿತು, ಯಂತ್ರದ ಹಸಿರು ದೀಪ ಹೋಯಿತು. ಆಗಷ್ಟೇ ಬೈಕಿನಲ್ಲಿ ವಾಪಸು ಬಂದಿದ್ದ ಅಶ್ವಿನ್ ಓಡಿಹೋಗಿ ನೋಡಿದ. ಬ್ಯಾಟರಿ ಬರಿದು, ಇನ್ನು ಚಾರ್ಜು ಮಾಡುವ ತನಕ ಏಳುವುದಿಲ್ಲ ಎಂದ. ನಾನು ನೂರಾರು ಜನರ ಮುಂದೆ ಅಕ್ಕನ ಮೇಲೆ ಕೂಗಾಡಿದೆ. ಏನೇನಂದೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಕ್ಕನ ಮುಖ ಬಿಳಿಚಿತು. ಅವರು ಅಶ್ವಿನ್‌ನ ಕಡೆ ತಿರುಗಿದರು.

“ಆ ಯಂತ್ರ ಎಷ್ಟು ವಾಟ್ ತಿನ್ನುತ್ತೆ?”

ಇನ್ನೂರು ಎಂದ ಅವನು.

“ಬನ್ನಿ ನನ್ ಜೊತೆ. ಮೇಷ್ಟ್ರೆ, ವೈರು ನಿಮ್ ಕೈಗೆ ಬರುತ್ತೆ. ಪ್ಲಗ್ಗು ಹಾಕಿದ ಕೂಡ್ಲೆ ಸೀಟಿ ಊದಿ.”

ಐವತ್ತಾರು ವರ್ಷದ ಹೆಂಗಸು ಅಷ್ಟು ಜೋರಾಗಿ ಗುಡ್ಡ ಹತ್ತಿದ್ದನ್ನು ನಾನು ನೋಡಿಲ್ಲ. ಕಾಫಿ ಒಣಗಿಸುವ ಕಣದ ದೀಪಕ್ಕೆಂದು ಇಟ್ಟಿದ್ದ ವೈರಿನ ಸುರುಳಿ ತೋಟದ ಮೇಲಿಂದ ಉರುಳಿಕೊಂಡು ಬಂತು. ಬೇಲಿಗೆ ಸಿಕ್ಕಿಕೊಂಡಿತು. ನಾನು ಮೊಣಕಾಲು ನೋವನ್ನು ಮರೆತು ಬೇಲಿ ಹಾರಿ ಎಳೆದೆ, ಪ್ಯಾಂಟು ಹರಿಯಿತು. ಮೂವತ್ತೊಂಬತ್ತನೆಯ ನಿಮಿಷ. ದೂರದ ತಿರುವಿನಲ್ಲಿ ಜನ ಕೇಕೆ ಹಾಕುವುದು ಕೇಳಿಸಿತು.

ಮೇಲೆ ಮನೆಯೊಳಗೆ ನಡೆದದ್ದನ್ನು ಅಶ್ವಿನ್ ಆಮೇಲೆ ಹೇಳಿದ. ಹಗಲಲ್ಲಿ ಉರಿಯುವ ಏಳು ಬಲ್ಬು ಕಂಡು, ಕರೆಂಟೆಲ್ಲ ಯಂತ್ರಕ್ಕೇ ಹೋಗಲೆಂದು ಅವನು ಎಲ್ಲ ಸ್ವಿಚ್ಚಿಗೂ ಕೈ ಹಾಕಿದನಂತೆ. ಅಕ್ಕ ಮಣಿಕಟ್ಟು ಹಿಡಿದರು.

“ಮುಟ್ಬೇಡಿ ಮಾರಾಯ್ರೆ. ಎಲ್ಲ ಆರಿಸಿದ್ರೆ ನಿಮ್ ಯಂತ್ರನೇ ಸುಟ್ಟೋಗುತ್ತೆ. ನೂರು ನೂರರದ್ದು ಎರಡೇ ಆರಿಸ್ಬೇಕು. ಅದೂ ಸೀಟಿ ಕೇಳಿದ್ಮೇಲೆ.”

ನಾನು ಪ್ಲಗ್ಗು ಹಾಕಿ, ಶ್ವಾಸಕೋಶ ಹರಿಯುವಂತೆ ಸೀಟಿ ಊದಿದೆ. ಮೇಲಿನ ಕಿಟಕಿಯಲ್ಲಿ ಒಂದು ದೀಪ ಹೋಯಿತು. ಇನ್ನೊಂದು ಹೋಯಿತು. ಅಕ್ಕ ತಮ್ಮ ಕೈಯಾರೆ ಆರಿಸಿದ ಮೊದಲ ಎರಡು ದೀಪ ಅವು. ಯಂತ್ರದ ಹಸಿರು ದೀಪ ಕಣ್ಣು ಬಿಟ್ಟಿತು, ಓಟ ಶುರುವಾದ ಹೊತ್ತು ಅದರ ನೆನಪಿನಲ್ಲೇ ಉಳಿದಿತ್ತು. ತನುಜಾ ಮೈದಾನದ ಗೇಟು ದಾಟಿದಳು, ಕೊನೆಯ ನೂರು ಮೀಟರು ಹಲ್ಲು ಕಚ್ಚಿ ಓಡಿ ಗುರಿಯಲ್ಲಿ ಹಾಸಿದ್ದ ಯಂತ್ರದ ಚಾಪೆ ತುಳಿದಳು. ಯಂತ್ರ ಬೀಪ್ ಎಂದಿತು. ನಲವತ್ತೊಂದು ನಿಮಿಷ ಮೂವತ್ತೇಳು ಸೆಕೆಂಡು. ನಾನು ಹರಿದ ಪ್ಯಾಂಟಿನಲ್ಲೇ ಕುಣಿದೆ, ಕಣ್ಣೀರೂ ಹಾಕಿದೆ.

ಅಕ್ಕ ಇಳಿದು ಬಂದಾಗ ಕೈಮುಗಿದು ತಪ್ಪಾಯಿತು ಎಂದೆ. ಅವರು ನನ್ನ ಕೈ ಕೆಳಗಿಳಿಸಿದರು. ಅಶ್ವಿನ್‌ಗೆ ಮಾತ್ರ ಒಂದು ಕೆಲಸ ಹೇಳಿದರು. ಯಾವ ಕರೆಂಟು ಎಷ್ಟು ಬಳಸಿದಿರಿ ಎಂದು ಕಂಪನಿಗೆ ಬರೆಯುವಾಗ ಕೊನೆಯ ಅರ್ಧ ಗಂಟೆಯದು ಹಳ್ಳದ್ದು ಎಂದು ಬರೆಯಬೇಕು, ಬ್ಯಾಟರಿ ಖಾಲಿ ಮಾಡಿದ್ದು ರುದ್ರಾಣಿ ಎಂದೂ ಬರೆಯಬೇಕು. ಅವನು ಎರಡನ್ನೂ ಬರೆದ.

ತನುಜಾ ಜೂನಿನಲ್ಲಿ ಹಾಸ್ಟೆಲ್ಲಿಗೆ ಸೇರಿದಳು. ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅಕ್ಕನ ಮನೆಯಲ್ಲಿ ಕೂತಿದ್ದಾಗ ವಾರ್ಡನ್ ಫೋನು ಮಾಡಿದರು. ಹುಡುಗಿ ಓಟದಲ್ಲಿ ಚೆನ್ನಾಗಿದ್ದಾಳೆ, ನಡತೆಯೂ ಒಳ್ಳೆಯದು, ಒಂದೇ ದೂರು: ಎಷ್ಟು ಹೇಳಿದರೂ ರೂಮಿನ ದೀಪ ಆರಿಸುವುದಿಲ್ಲ. ಅಕ್ಕ ನಗಲು ಹೋದರು, ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಫೋನಿಗೆ ಹೇಳಿದರು:

“ಬೈಬೇಡಿ ಮೇಡಮ್, ಕಲೀತಾಳೆ. ನಾನೂ ಹೋದ ವರ್ಷ ಅವಳಿಗೋಸ್ಕರನೇ ಕಲ್ತಿದ್ದು.”